ನಲವತ್ತೊಂದು ದಪ್ಪನೆಯ ಪತ್ರಗಳು

ಇಳಕಲ್ಲಿನಲ್ಲಿ ಹುಲ್ಲಪ್ಪ ಸೀನಿದರೆ ಬಾಗಲಕೋಟೆಯ ಪೆಟ್ಟಿಗೆ ‘ಚಿರಂಜೀವಿ’ ಎನ್ನುತ್ತಿತ್ತು. ನಡುವೆ ಹುನಗುಂದ ಬರುತ್ತದೆ, ಅಮೀನಗಡ ಬರುತ್ತದೆ, ಬಸ್ಸಿಗೆ ಎರಡು ತಾಸು ಹಿಡಿಯುತ್ತದೆ. ಸೀನಿಗೆ ಮಾತ್ರ ರೆಪ್ಪೆ ಬಡಿಯುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ. ಒಂದು ಸಲವಂತೂ ಪೆಟ್ಟಿಗೆಯೇ ಮೊದಲು ಹರಸಿ, ಆಮೇಲೆ ಹುಲ್ಲಪ್ಪನಿಗೆ ಸೀನು ಬಂದಿತ್ತು.

ಈ ಮಾತನ್ನು ಅವನು ಅಂದು ಮುಂಜಾನೆ ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದ್ದ, ಮುಂದಿನ ಸೀಟಿನ ಇಬ್ಬರಿಗೆ ಹೇಳಿದ್ದ, ಅಮೀನಗಡದಲ್ಲಿ ಕರದಂಟು ಕಟ್ಟಿಕೊಡುವವನಿಗೂ ಹೇಳಿದ್ದ. ಈಗ ಅದೇ ಪೆಟ್ಟಿಗೆಯ ಮುಂದೆ ನಿಂತಿದ್ದ.

ಪೆಟ್ಟಿಗೆ ಆರಿತ್ತು.

ಕೆಂಪು ದೀಪವಿಲ್ಲ, ಹಸಿರು ದೀಪವಿಲ್ಲ, ಪಂಖದ ಗುಂಯ್ ಸದ್ದೂ ಇಲ್ಲ. ಮೇಲೆ ಹೆಣಿಕೆಯ ಹಾಸು, ಹಾಸಿನ ಮೇಲೆ ಸ್ಟೀಲಿನ ತಂಬಿಗೆ, ತಂಬಿಗೆಯಲ್ಲಿ ಪ್ಲಾಸ್ಟಿಕ್ ಗುಲಾಬಿ. ನವನಗರದ ಆ ಮನೆಯಲ್ಲಿ ಅದು ಕಂಪ್ಯೂಟರಿನ ಕೆಲಸ ಬಿಟ್ಟು ಟೀಪಾಯಿಯ ಕೆಲಸಕ್ಕೆ ಸೇರಿ ಬಹಳ ದಿನವಾದಂತಿತ್ತು.

“ಹುಲ್ಲಪ್ಪಣ್ಣ, ದಿನಾ ಮೂರು ಹೊತ್ತು ಇದನ್ನ ನಮ್ಮೂರಿಂದನ ನೋಡ್ತೇನಿ ಅಂದಿದ್ರಿ” ಎಂದಳು ಮಹೇಶ್ವರಿ.

“ನೋಡ್ತೇನಿ.”

“ಮತ್ತ ಇದು?”

“ಇದು ಸಂಚು” ಎಂದ ಹುಲ್ಲಪ್ಪ.

ಇಳಕಲ್ ಬಸ್ ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ. ‘ಕಂಪ್ಯೂಟರ್ ರಿಪೇರಿ ಹಾಗೂ ಪತ್ತೇದಾರಿ’ ಎಂದು ಬೋರ್ಡು. ಜಿಲ್ಲೆಯಲ್ಲಿ ಅವನು ಬಿಡಿಸದ ಗುಟ್ಟಿಲ್ಲ. ಐಹೊಳೆಯಲ್ಲಿ ಕಳೆದ ಎಮ್ಮೆಯನ್ನು ಅದರ ಕೂಗಿನ ಶ್ರುತಿ ಹಿಡಿದೇ ಬಾದಾಮಿಯಲ್ಲಿ ಪತ್ತೆ ಮಾಡಿದವನು ಅವನು. ಎಮ್ಮೆ ತಾನೇ ಮನೆಗೆ ಬಂದಿತ್ತು ಎನ್ನುವವರೂ ಇದ್ದಾರೆ. ಹೊಟ್ಟೆಕಿಚ್ಚಿನವರು ಎಲ್ಲ ಊರಲ್ಲೂ ಇರುತ್ತಾರೆ.

ಆದರೆ ಈ ಸಲ ಕಳೆದದ್ದು ಎಮ್ಮೆಯಲ್ಲ. ಮಹೇಶ್ವರಿ ತನಗೆ ತಾನೇ ಬರೆದುಕೊಂಡ ಒಂದು ಇ-ಮೇಲ್.

ಮಹೇಶ್ವರಿ ನಾಲ್ಕು ಮಗ್ಗದ ಒಡತಿ. ಸೀರೆಯ ದಡಿಗೆ ಹೊಸ ನಕ್ಷೆ ಹೊಳೆದಾಗಲೆಲ್ಲ ಅದನ್ನು ಸ್ಕ್ಯಾನ್ ಮಾಡಿ ತನ್ನ ವಿಳಾಸಕ್ಕೇ ಕಳಿಸಿಕೊಳ್ಳುವುದು ಅವಳ ರೂಢಿ. ತಾರೀಕು ತಾನಾಗಿ ಬೀಳುತ್ತದಲ್ಲ. ಹೋದ ವರ್ಷ ಮನೆಯ ಬೆಕ್ಕು ಬಣ್ಣದ ಬಾನಿಯಲ್ಲಿ ಕಾಲದ್ದಿ ಅವಳ ಚೌಕುಳಿ ಕಾಗದದ ಮೇಲೆ ಅಡ್ಡಾಡಿ ಹೋಗಿತ್ತು. ಅವಳು ಬೆಕ್ಕಿಗೆ ಬಯ್ಯದೆ ಆ ಗುರುತುಗಳನ್ನು ಎಳೆ ಎಣಿಸಿ ತಿದ್ದಿ, ‘ಬೆಕ್ಕಿನ ಹೆಜ್ಜಿ’ ಎಂಬ ದಡಿ ಮಾಡಿದಳು. ಈಗ ಸೀರೆ ವ್ಯಾಪಾರಿ ಸಂಗಮೇಶ ಆ ದಡಿ ತನ್ನದೆನ್ನುತ್ತಿದ್ದ. ನಾಳೆ ಮುಂಜಾನೆ ಹನ್ನೊಂದಕ್ಕೆ ನೇಕಾರರ ಸಂಘದವರು ಕೂತು, ದಡಿಗಳ ಪುಸ್ತಕದಲ್ಲಿ ಇಬ್ಬರಲ್ಲಿ ಒಬ್ಬರ ಹೆಸರು ಬರೆಯುವವರಿದ್ದರು. ಬರೆದರೆ ಅಳಿಸುವುದಿಲ್ಲ.

ಪತ್ರ ತೋರಿಸಿದರೆ ದಡಿ ಅವಳದು. ಪತ್ರ ಇಳಕಲ್ಲಿನ ಅವಳ ಮನೆಯ ಪೆಟ್ಟಿಗೆಯಲ್ಲಿರಲಿಲ್ಲ. ಉಳಿದದ್ದು ಅಲ್ಲಿ ಬಂದ ಪತ್ರವೆಲ್ಲ ತಾನಾಗಿ ನಕಲಾಗಿ ಬಂದು ಬೀಳುವ, ಅವಳ ಸೋದರತ್ತೆ ಸಾವಿತ್ರೆವ್ವನ ಮನೆಯ ಈ ಜೋಡಿ ಪೆಟ್ಟಿಗೆ.

“ಯಾರೂ ಏನೂ ಮುಟ್ಟಬ್ಯಾಡ್ರಿ” ಎಂದ ಹುಲ್ಲಪ್ಪ. ತಂಬಿಗೆಯನ್ನು ಎರಡು ಬೆರಳಲ್ಲಿ ಹಾವಿನ ಮರಿ ಎತ್ತುವಂತೆ ಎತ್ತಿಟ್ಟ. ದೇವರ ಜಗುಲಿಯ ಮೇಲಿನ ವಿಭೂತಿ ಗಟ್ಟಿಯನ್ನು ಕೇಳದೇ ತಂದು, ಉಗುರಿನಿಂದ ಕೆರೆದು, ಪೆಟ್ಟಿಗೆಯ ಹಿಂದಿನ ಕರೆಂಟ್ ಗುಂಡಿಯ ಮೇಲೆ ಉಫ್ ಎಂದು ಊದಿದ.

“ಪೂಜಾದ ವಿಭೂತಿ ಅದು, ತಮ್ಮಾ” ಎಂದಳು ಸಾವಿತ್ರೆವ್ವ ಒಳಗಿನಿಂದ.

“ಬೆರಳಚ್ಚು ಏಳಸ್ಲಿಕ್ಕೆ ಬೇಕು, ಅತ್ತಿ. ದೊಡ್ಡ ದೊಡ್ಡ ದೇಶದಾಗ ಇದಕ್ಕಂತ ಬ್ಯಾರೆ ಪುಡಿ ಇರತೈತಿ. ನನ್ನ ಕೈಯಾಗ ವಿಭೂತೀನ ಸಾಕು.”

ವಿಭೂತಿ ಹಾರಿತು. ಗುಂಡಿಯ ಮೇಲೆ ಒಂದು ದಪ್ಪ ಹೆಬ್ಬೆರಳಿನ ಗುರುತು ಎದ್ದಿತು. ಬರೀ ಗುರುತಲ್ಲ, ಅಂಟು. ಒಣಗಿ ಕರ್ರಗಾದ ಬೆಲ್ಲದ ಅಂಟು. ಅಂಟಿನಲ್ಲಿ ಕಾಲು ಸಿಕ್ಕಿ ಸತ್ತ ಒಂದು ಕೆಂಪಿರುವೆ.

ಹುಲ್ಲಪ್ಪನ ಎದೆ ಮಾರು ಅಗಲವಾಯಿತು.

“ನೋಡು, ಮಹೇಶ್ವರಿ. ಬೆಲ್ಲ. ಇದನ್ನ ಆರಿಸಿದಾವ ಬರೂಮುಂದ ಸಿಹಿ ತಿಂದು ಕೈ ತೊಳಕೊಂಡಿಲ್ಲ. ಇಳಕಲ್ಲಿಂದ ಬಾಗಲಕೋಟಿಗೆ ಬರಾವ ಸಿಹಿ ಎಲ್ಲಿ ತಿಂತಾನ? ಅಮೀನಗಡದಾಗ. ಅಮೀನಗಡದಾಗ ಯಾರ ಬೀಗರದಾರ? ಸಂಗಮೇಶನ ಬೀಗರು.”

“ನಾವೂ ಅಮೀನಗಡದಾಗ ಇಳದು ತಿಂದ್ವಿ” ಎಂದಳು ಮಹೇಶ್ವರಿ. “ನೀವು ಎರಡು ಸಲ.”

“ನಾ ಕೈ ತೊಳಕೊಂಡೇನಿ.”

ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಸಾವಿತ್ರೆವ್ವ ರೊಟ್ಟಿ ಬಡಿಯುತ್ತಿದ್ದಳು. ಕೊಣಮಿಗೆಯ ಮೇಲೆ ಅವಳ ಕೈ ಒಂದೇ ತಾಳದಲ್ಲಿ ಬೀಳುತ್ತಿತ್ತು.

“ಅತ್ತಿ, ಖರೆ ಹೇಳ್ರಿ. ಈ ಮನಿಗೆ ಯಾರ್ಯಾರು ಬಂದಿದ್ರು? ಪೆಟ್ಟಿಗಿ ಹತ್ರ ಯಾರ ಸುಳದಿದ್ರು? ಇದನ್ನ ಆರಿಸಿದವರು ಯಾರು?”

ತಾಳ ನಿಂತಿತು.

“ಬಾಯಿ ತೊಳಕೋ ಮೊದಲ. ಮನ್ಯಾಗ ನಿಂತು ಆರಿಸೋದು ಗೀರಿಸೋದು ಅಂತಾರೇನು? ದೀಪಕ್ಕ ಆತು, ಒಲಿಗೆ ಆತು, ದೊಡ್ಡದು ಮಾಡೋದು ಅನಬೇಕು. ನಿಮ್ಮವ್ವ ಕಲಿಸಿಲ್ಲೇನು?”

“ಆತ್ರಿ. ಯಾರು ದೊಡ್ಡದು ಮಾಡಿದ್ರು?”

“ನಾನ.”

ಹುಲ್ಲಪ್ಪ ಹಿಂದೆ ನೋಡಿದ, ಮುಂದೆ ನೋಡಿದ.

“ನೀವು? ಯಾರ ಮಾತ ಕೇಳಿ?”

“ನಿನ್ನ ಮಾತ ಕೇಳಿ” ಎಂದಳು ಸಾವಿತ್ರೆವ್ವ. “ಪಂಚಮಿ ಹಿಂದಿನ ದಿನ ಫೋನ್ ಮಾಡಿದ್ಯಲ್ಲ. ಶೇಂಗಾದ ಉಂಡಿ ಕಟ್ಟಾಕ ಕುಂತಿದ್ದೆ, ಪಾಕ ಆರಾಕ ಹತ್ತಿತ್ತು, ನೀ ಒಂದ ಸವನ ಒದರಾಕ ಹತ್ತಿದಿ. ಫೋನ್‌ನ್ಯಾಗ ಅರ್ಧ ಕೇಳತಿತ್ತು, ಅರ್ಧ ಇಲ್ಲ. ‘ಅತ್ತಿ, ಪೆಟ್ಟಿಗಿ ತುಂಬೇತಿ, ಗುಂಡಿ ಒತ್ತಿ ದೊಡ್ಡದು ಮಾಡ್ರಿ’ ಅಂದಿ. ಉಂಡಿ ಕೈಲೇ ಎದ್ದು ಹೋಗಿ ದೊಡ್ಡದು ಮಾಡಿದೆ. ನಮಸ್ಕಾರನೂ ಮಾಡಿದೆ.”

ಮಹೇಶ್ವರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಭುಜ ಕುಣಿಯುತ್ತಿದ್ದವು.

ಹುಲ್ಲಪ್ಪ ಹೇಳಿದ್ದು ನಿಜವೇ. ಪೆಟ್ಟಿಗೆಯ ಹಿಂದೆ ಎರಡು ಗುಂಡಿ. ಎಡಗಡೆಯದು ಕರೆಂಟಿಗೆ. ಬಲಗಡೆಯದು ಅವನು ಹೆಚ್ಚಿಗೆ ಕೂಡಿಸಿದ ಡಿಸ್ಕಿಗೆ, ಅದನ್ನು ಒತ್ತಿದರೆ ಪತ್ರಗಳಿಗೆ ಜಾಗ ಹೆಚ್ಚುತ್ತದೆ. ಜಾಗ ದೊಡ್ಡದು ಮಾಡಿರೆಂದು ಅವನು ಕೂಗಿದ್ದ. ಮನೆತನಸ್ಥ ಹೆಣ್ಣುಮಗಳು ಅದನ್ನು ಹೇಗೆ ಕೇಳಬೇಕೋ ಹಾಗೆ ಕೇಳಿಸಿಕೊಂಡಿದ್ದಳು.

“ಇದು ಸಂಚಲ್ಲ” ಎಂದ ಹುಲ್ಲಪ್ಪ, ತುಸು ಬೇಸರದಿಂದ.

“ನಿಲ್ರಿ” ಎಂದಳು ಮಹೇಶ್ವರಿ. ನಗು ನಿಂತಿತ್ತು. “ಪಂಚಮಿ ಹಿಂದಿನ ದಿನದಿಂದ ಇದು ಆರೇತಿ, ಅಲ್ಲ? ದೊಡ್ಡದಾಗೇತಿ, ಅತ್ತಿ, ದೊಡ್ಡದಾಗೇತಿ. ಅಂದ್ರ ಅಲ್ಲಿಂದ ಇತ್ಲಾಗ ನಮ್ಮೂರಿನ ಪೆಟ್ಟಿಗ್ಯಾಗ ಏನ ಆಗಿದ್ರೂ ಇದಕ್ಕ ಸುದ್ದಿ ಮುಟ್ಟಿಲ್ಲ.”

“ಇಲ್ಲ.”

“ಅಲ್ಲಿ ಅಳಿಸಿದ್ದೂ ಇಲ್ಲಿ ಅಳದಿಲ್ಲ.”

ಹುಲ್ಲಪ್ಪ ಬಾಯಿ ತೆರೆದ. ಬಸ್ಸಿನಲ್ಲಿ ಎರಡು ತಾಸು ಅವನು ಜೋಡಿ ಪೆಟ್ಟಿಗೆಯ ಗುಣಗಾನ ಮಾಡಿದ್ದನೇ ಹೊರತು ಇಷ್ಟನ್ನು ಯೋಚಿಸಿರಲಿಲ್ಲ. ಎರಡಕ್ಕೂ ಒಂದೇ ಉಸಿರಾದರೆ, ಇಳಕಲ್ಲಿನಲ್ಲಿ ಅಳಿದ ಪತ್ರ ಮರುಕ್ಷಣವೇ ಬಾಗಲಕೋಟೆಯಲ್ಲೂ ಅಳಿಯಬೇಕು. ಸಾವಿತ್ರೆವ್ವನ ಹೆಬ್ಬೆರಳು ಇರದಿದ್ದರೆ ಈ ಪ್ರಯಾಣವೇ ದಂಡ.

“ಅದಕ್ಕ ನಾ ಬಂದದ್ದು” ಎಂದ.

ಪೆಟ್ಟಿಗೆಗಳಲ್ಲಿ ಪತ್ರ ಕಾಯುವ ಸಾಫ್ಟ್‌ವೇರ್ ಆಯ್ದುಕೊಳ್ಳುವಾಗಲೂ ಮಹೇಶ್ವರಿ ಇದೇ ಮೊನೆಯ ಪ್ರಶ್ನೆ ಕೇಳಿದ್ದಳು. ಎರಡು ವರ್ಷದ ಹಿಂದೆ ಸಿಡಿಲು ಹೊಡೆದು ಅವಳ ಹಳೆಯ ಕಂಪ್ಯೂಟರಿನ ಜೊತೆಗೆ ಪತ್ರಗಳೆಲ್ಲ ಸುಟ್ಟಿದ್ದವು. ಪುಕ್ಕಟೆ ಖಾತೆಯೊಂದರ ಪಾಸ್‌ವರ್ಡನ್ನು ಯಾರೋ ಕದ್ದಿದ್ದರು. ಪತ್ರ ನನ್ನ ಮನೆಯಲ್ಲೇ ಇರಲಿ, ಅದರದೊಂದು ಜೋಡಿ ಬೇರೆ ಊರಲ್ಲಿರಲಿ ಎಂದು ಅವಳು ಹಟ ಹಿಡಿದಳು. ಹುಲ್ಲಪ್ಪ ಮೂರು ವರಗಳನ್ನು ತಂದು ನಿಲ್ಲಿಸಿದ.

ಮೊದಲನೆಯವ ಕೊರಿಯರ್. ಸಾಧು. ಒಂದೊಂದು ಪತ್ರಕ್ಕೆ ಒಂದೊಂದು ಕಡತ, ತೆರೆದ ಮನಸ್ಸು. ಆದರೆ ತನ್ನ ಜೋಡಿಯೊಡನೆ ತಾನಾಗಿ ಮಾತಾಡುವವನಲ್ಲ. ದಿನಕ್ಕೊಮ್ಮೆ ಬೇರೊಂದು ಪ್ರೋಗ್ರಾಮು ಬಂದು ನಕಲು ಹೊತ್ತುಕೊಂಡು ಹೋಗಬೇಕು. ಎರಡನೆಯವ ಡವ್‌ಕಾಟ್. ಪ್ರಾಯದವ, ಚುರುಕು, ಹುಡುಕಿದ್ದನ್ನು ಕೇಳುವ ಮೊದಲೇ ಕೊಡುತ್ತಾನೆ. ಆದರೆ ಅವನಿಗೂ ಆಗಿನ್ನೂ ಸ್ವಂತದ ಜೋಡಿ ವಿದ್ಯೆ ಬಂದಿರಲಿಲ್ಲ. ಮೂರನೆಯವ ಸೈರಸ್. ಸಿಟ್ಟಿನವ, ತನ್ನ ಉಗ್ರಾಣಕ್ಕೆ ಬೇರೆಯವರು ಕೈ ಹಾಕಿದರೆ ಆಗುವುದಿಲ್ಲ. ಆದರೆ ಇಲ್ಲಿ ಪತ್ರ ಬಿದ್ದ ಗಳಿಗೆಯೇ ಅಲ್ಲಿನ ಜೋಡಿಗೆ ತಾನೇ ಹೇಳುತ್ತಾನೆ.

“ನಾ ತಪ್ಪಿ ಅಳಿಸಿದ್ರ?” ಎಂದು ಆಗ ಮಹೇಶ್ವರಿ ಕೇಳಿದ್ದಳು.

“ಅಲ್ಲೂ ಅಳೀತೈತಿ. ಹಂಗದ ಅದರ ನಿಯತ್ತು” ಎಂದು ಹುಲ್ಲಪ್ಪ ಎದೆ ತಟ್ಟಿದ್ದ. ಅವಳ ಮುಖ ಕಂಡು ಕೂಡಲೇ ಸೇರಿಸಿದ್ದ. “ಅಂಜಬ್ಯಾಡ. ಅಳಿಸಿದ್ದನ್ನ ಸೈರಸ್ ಒಂದು ತಿಂಗಳು ಒಳಗಿನ ಕಪಾಟಿನ್ಯಾಗ ಇಟ್ಟಿರತಾನ. ನಾ ಹಂಗ ಹೊಂದಿಸೇನಿ. ಮೂರನ್ನೂ ಆರು ತಿಂಗಳು ಹಗಲೂ ರಾತ್ರಿ ಓಡಿಸಿ ನೋಡೇನಿ.”

ಈಗ ಅವನು ಗುಂಡಿಯತ್ತ ಕೈ ಚಾಚಿದ.

“ತಡೀರಿ” ಎಂದು ಮಹೇಶ್ವರಿ ಅವನ ಮಣಿಕಟ್ಟು ಹಿಡಿದಳು. “ಹಚ್ಚಿದ ಕೂಡ್ಲೇ ನಮ್ಮೂರಿನ ಪೆಟ್ಟಿಗಿ ಇದಕ್ಕ ಏನ ಹೇಳತೈತಿ?”

ಹುಲ್ಲಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ತಿಂಗಳಿಡೀ ಕಟ್ಟಿಟ್ಟ ಸುದ್ದಿಯನ್ನೆಲ್ಲ ಅದು ಒಂದೇ ಉಸಿರಿಗೆ ಹೇಳುತ್ತಿತ್ತು. ಇಂಥದ್ದು ಬಂತು, ಇಂಥದ್ದು ಹೋಯಿತು, ಇಂಥದ್ದನ್ನು ಅಳಿಸು. ನಿಯತ್ತಿನ ಸೈರಸ್ ಅಳಿಸಿಯೇಬಿಡುತ್ತಿದ್ದ.

ಅವನು ಮಂಡಿಯೂರಿ ಬ್ರಾಡ್‌ಬ್ಯಾಂಡ್ ತಂತಿ ಕಿತ್ತ. ಒಂದು ತಂತಿ ಕಿತ್ತದ್ದು ನಿಜ. ಆಮೇಲೆ ಇಳಕಲ್ಲಿನಲ್ಲಿ ಹೇಳುವಾಗ ಅದು ಹದಿನಾಲ್ಕು ತಂತಿಯಾಗುವುದಿತ್ತು.

ಪೆಟ್ಟಿಗೆ ಗುಂಯ್ ಎಂದಿತು. ಹಸಿರು ದೀಪ ಮಿನುಗಿತು. ಸಾವಿತ್ರೆವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಪರದೆಯ ಮೇಲೆ ಅಕ್ಷರಗಳು ಓಡಿ, ನಿಂತು, ಪತ್ರಗಳ ಪಟ್ಟಿ ತೆರೆಯಿತು.

ಅದು ಇತ್ತು.

‘ಬೆಕ್ಕಿನ ಹೆಜ್ಜಿ, ಮೊದಲನೇದು.’ ಹೋದ ವರ್ಷದ ತಾರೀಕು. ಸಂಗಮೇಶ ತನ್ನದೆಂದು ತೋರಿಸುತ್ತಿದ್ದ ಸೀರೆಗಿಂತ ಏಳು ತಿಂಗಳು ಮೊದಲಿನದು. ಒತ್ತಿದರೆ ಚೌಕುಳಿ ಕಾಗದ ತೆರೆದುಕೊಂಡಿತು. ಮೂಲೆಯಿಂದ ಮೂಲೆಗೆ ಬೆಕ್ಕು ನಿರಾಳವಾಗಿ ನಡೆದು ಹೋಗಿತ್ತು.

ಮಹೇಶ್ವರಿ ಕುರ್ಚಿ ಎಳೆದುಕೊಂಡು ಕೂತಳು.

“ಹೇಳಿದ್ದೆನಲ್ಲ” ಎಂದ ಹುಲ್ಲಪ್ಪ. “ನನ್ನ ಕೈಯಾಗ ಕೇಸ್ ಕೊಟ್ರ ಪಾತಾಳದಾಗಿದ್ರೂ ಬಿಡಂಗಿಲ್ಲ. ನಾಳೆ ಸಂಘದಾಗ ಸಂಗಮೇಶನ ಮಾರಿ ನೋಡಬೇಕು. ಕಳ್ಳ ಅಂತ ನಾವು ಬರದುಕೊಟ್ಟ ಅರ್ಜಿಗೆ ಈಗ ಪುರಾವೆನೂ ಸಿಕ್ಕಂಗಾತು. ಅತ್ತಿ, ರೊಟ್ಟಿ ಜೋಡಿ ಶೇಂಗಾ ಚಟ್ನಿ ಐತೇನ್ರಿ?”

ಮಹೇಶ್ವರಿ ಚೀಲದಿಂದ ಕಾಗದದ ಸುರುಳಿ ತೆಗೆದಳು. ಇಳಕಲ್ಲಿನ ಪೆಟ್ಟಿಗೆಯಲ್ಲಿ ಈಗ ಉಳಿದ ಪತ್ರಗಳ ಪಟ್ಟಿ, ನಿನ್ನೆ ಅಚ್ಚು ಹಾಕಿಸಿದ್ದು. ಅದರಲ್ಲಿ ಈ ಪೆಟ್ಟಿಗೆ ಆರಿದ ನಂತರ ಬಂದವನ್ನು ಹೊಡೆದುಹಾಕಿ, ಉಳಿದವನ್ನು ಪರದೆಯ ಪಟ್ಟಿಯೊಡನೆ ಒಂದೊಂದಾಗಿ ತಾಳೆ ನೋಡುತ್ತ ಪೆನ್ಸಿಲಿನಿಂದ ಗುರುತು ಹಾಕತೊಡಗಿದಳು. ಮಗ್ಗದ ಹಾಸಿನ ಎಳೆ ಎಣಿಸಿ ರೂಢಿಯಾದ ಕಣ್ಣು. ಎಲ್ಲೂ ಎಡವಲಿಲ್ಲ.

ಅಡುಗೆಮನೆಯಲ್ಲಿ ಹುಲ್ಲಪ್ಪ ಮೂರನೆಯ ರೊಟ್ಟಿಯಲ್ಲಿದ್ದಾಗ ಕರೆದಳು.

“ಇಲ್ಲಿ ನಾಕನೂರಾ ಹನ್ನೆರಡು ಅದಾವ. ಅಲ್ಲಿ ಉಳದದ್ದು ಮುನ್ನೂರಾ ಎಪ್ಪತ್ತೊಂದು. ನನ್ನ ನಕ್ಷಿ ಒಂದ ಹೋಗಿಲ್ಲ, ಹುಲ್ಲಪ್ಪಣ್ಣ. ನಲವತ್ತೊಂದು ಹೋಗ್ಯಾವ.”

“ನೋಡಿದ್ಯಾ, ಎಂಥಾ ಕಳ್ಳ.”

“ಅದನ್ನ ನೋಡಾಕ ಹತ್ತೇನಿ. ಚಿಗವ್ವನ ಮಗಳ ಕುಬಸದ ಫೋಟೋ ಒಯ್ದಾನ. ಗಿರಣಿಯವರು ಕಳಿಸಿದ ಕ್ಯಾಲೆಂಡರ್ ಒಯ್ದಾನ. ಬೆಕ್ಕು ಮಲಗಿದ್ದು ಒಯ್ದಾನ, ಬೆಕ್ಕು ಎದ್ದದ್ದೂ ಒಯ್ದಾನ. ಸಂಗಮೇಶಗ ನಮ್ಮ ತಂಗಿ ಕುಬಸದ ಫೋಟೋ ಯಾಕ ಬೇಕು?”

ಹುಲ್ಲಪ್ಪ ರೊಟ್ಟಿ ಅಗಿಯುವುದನ್ನು ನಿಧಾನ ಮಾಡಿದ.

“ದಾರಿ ತಪ್ಪಸಾಕ” ಎಂದ. “ಒಂದ ಒಯ್ದ್ರ ಸಿಕ್ಕಬೀಳ್ತೇನಿ ಅಂತ.”

“ಇರಬಹುದು.” ಅವಳು ಪರದೆಯ ಮೇಲಿನ ಪಟ್ಟಿಯನ್ನು ತಾರೀಕಿನ ಬದಲು ಗಾತ್ರದ ಪ್ರಕಾರ ಜೋಡಿಸಿದಳು. ದೊಡ್ಡವು ಮೇಲೆ, ಸಣ್ಣವು ಕೆಳಗೆ. “ಬರ್ರಿ ಇಲ್ಲೆ. ಮ್ಯಾಲಿಂದ ಎಣಸ್ರಿ. ಒಂದು, ಹೋಗೇತಿ. ಎರಡು, ಹೋಗೇತಿ. ಮೂರು, ಹೋಗೇತಿ. ಹಿಂಗ ನಲವತ್ತೊಂದರ ತನಕಾ ಒಂದೂ ಬಿಡದಂಗ ಹೋಗ್ಯಾವ. ನಲವತ್ತೆರಡನೇದು ಐತಿ. ಅದರ ಕೆಳಗಿನವು ಎಲ್ಲಾ ಅದಾವ. ಇವ ಎಂಥಾ ಕಳ್ಳ? ದಪ್ಪ ಪತ್ರ ಇಷ್ಟ ಒಯ್ಯಾವ.”

ಸಾವಿತ್ರೆವ್ವ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದಳು.

“ಇವ ಕಳ್ಳಲ್ಲ” ಎಂದಳು ಮಹೇಶ್ವರಿ. “ಕಸಾ ಹೊಡ್ಯಾವ. ಜಾಗ ಬೇಕಾಗಿತ್ತು ಅವಗ. ಪಂಚಮಿ ಹಿಂದಿನ ದಿನ ಇಲ್ಲಿ ಪೆಟ್ಟಿಗಿ ತುಂಬೇತಿ ಅಂತ ಫೋನ್ ಮಾಡಿದ್ರಿ. ಎರಡೂ ಜೋಡಿ ಅಂದ್ರ ಅವತ್ತ ನಮ್ಮನ್ಯಾಗಿಂದೂ ತುಂಬಿತ್ತು. ಇಲ್ಲಿ ಹೆಚ್ಚಿನ ಡಿಸ್ಕ್ ಹಾಕಿದ್ರಿ. ನಮ್ಮನ್ಯಾಗ ಹಾಕಿರಲಿಲ್ಲ. ಆದ್ರ ಅವತ್ತ ಸಂಜಿಕ ಮತ್ತ ಪತ್ರ ಬರಾಕ ಹತ್ತಿದ್ವು. ಜಾಗ ಎಲ್ಲಿಂದ ಬಂತು?”

ಹೊರಗೆ ರಸ್ತೆಯಲ್ಲಿ ಪಾತ್ರೆ ಮಾರುವವನು ಕೂಗಿಕೊಂಡು ಹೋದ. ಹುಲ್ಲಪ್ಪ ಅವನ ಕೂಗು ಪೂರ್ತಿ ಮುಗಿಯುವವರೆಗೂ ಕೇಳಿದ.

“ವಿಜ್ಞಾನದಾಗ ಏನೈತಿ ಅಂದ್ರ...” ಎಂದು ಶುರು ಮಾಡಿದ.

“ವಿಜ್ಞಾನ ಬ್ಯಾಡ.”

“ತಮ್ಮಾ” ಎಂದಳು ಸಾವಿತ್ರೆವ್ವ, “ನನ್ನ ಉಂಡಿ ಕೈ ನಾ ಒಪ್ಪಿಕೊಂಡ್ನೆಲ್ಲ.”

ಹುಲ್ಲಪ್ಪ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಎಲ್ಲಿಡಬೇಕೆಂದು ತಿಳಿಯದೆ ಕಿಸೆಯಲ್ಲಿ ಇಟ್ಟುಕೊಂಡ.

“ನಾನ ಅಳಿಸಿದೆ” ಎಂದ. “ದಪ್ಪ ಇದ್ದದ್ದು ಮ್ಯಾಲಿಂದ ನಲವತ್ತೊಂದು. ತಗದೂ ನೋಡಲಿಲ್ಲ. ನಿನಗ ಕೇಳಬೇಕಿತ್ತು. ಕೇಳಿದ್ರ ಹೊಸಾ ಡಿಸ್ಕ್ ತರ್ರಿ ಅಂತಿದ್ದಿ, ನಾ ಎಂದೂ ತುಂಬಲಾರದ್ದು ಹಾಕೇನಿ ಅಂತ ಊರ ತುಂಬ ಹೇಳಿದ್ದೆ.”

“ತಿಂಗಳು ಇಡೂ ಕಪಾಟು?”

“ಅದನ್ನೂ ತಗದೆ. ಅದೂ ಜಾಗ ತಿಂತಿತ್ತು.”

“ಆರು ತಿಂಗಳು ಓಡಿಸಿ ನೋಡಿದ್ದು?”

“ಸೈರಸ್ ಒಂದನ್ನ ನೋಡೇನಿ. ಎರಡು ದಿನ. ಉಳದಿಬ್ಬರ ಬಗ್ಗೆ ಓದೇನಿ.”

ಮಹೇಶ್ವರಿ ಅವನನ್ನು ನೋಡುತ್ತಲೇ ಇದ್ದಳು. ಸಿಟ್ಟಿಗಿಂತ ಲೆಕ್ಕ ಅವಳ ಕಣ್ಣಲ್ಲಿತ್ತು. ಪತ್ರ ಸಿಕ್ಕಿತ್ತು, ಸರಿ. ಆದರೆ ಸಂಘಕ್ಕೆ ಕೊಟ್ಟ ಅರ್ಜಿಯಲ್ಲಿ ಅವಳ ಸಹಿ ಇತ್ತು. ಸಂಗಮೇಶ ಸೀರೆ ನೋಡಲು ಮನೆಗೆ ಬಂದವನು ಹತ್ತು ನಿಮಿಷ ಕಂಪ್ಯೂಟರಿನ ಮುಂದೆ ಕೂತು ಪತ್ರ ಅಳಿಸಿದ ಎಂದು ಅದರಲ್ಲಿ ಬರೆದಿತ್ತು. ಬೇವಿನ ಗಿಡದ ಮರೆಯಿಂದ ಕಣ್ಣಾರೆ ಕಂಡ ಸಾಕ್ಷಿ ಎಂದು ಹುಲ್ಲಪ್ಪ ಎರಡು ಸಾಲಿನಷ್ಟು ಅಗಲದ ಸಹಿ ಹಾಕಿದ್ದ. ಸುಳ್ಳು ಅರ್ಜಿ ಕೊಟ್ಟವರ ಹೆಸರನ್ನು ದಡಿಯ ಪುಸ್ತಕಕ್ಕೆ ಹತ್ತಿಸುವುದಿಲ್ಲ. ಸಂಘದ ಕಟ್ಟಳೆ ಅದು.

“ನೀವು ಅಳಿಸಿದ್ರಿ. ಸರಿ. ಹಂಗಾದ್ರ ಸಂಗಮೇಶ ಕುಂತಿದ್ದನ್ನ ಕಂಡದ್ದು?”

“ಕಂಡಿಲ್ಲ.”

“ಅದೂ ಸುಳ್ಳ?”

“ಪೂರಾ ಸುಳ್ಳಲ್ಲ. ಕೇಳಿದ್ದನ್ನ ಕಂಡೇನಿ ಅಂತ ಬರದೆ. ನೀ ಬಂದು ಪತ್ರ ಇಲ್ಲ ಅಂದಾಗ ಇದು ನಂದ ಕೆಲಸ ಅಂತ ಗೊತ್ತಾತು. ಆ ಮಾತು ನೆನಪಿತ್ತು. ಅದನ್ನ ಹಿಡಕೊಂಡೆ.”

“ಯಾರು ಹೇಳಿದ್ದು ನಿಮಗ?”

ಹುಲ್ಲಪ್ಪ ಸಾವಿತ್ರೆವ್ವನನ್ನು ನೋಡಿದ, ಪರದೆಯ ಮೇಲಿನ ಬೆಕ್ಕಿನ ಹೆಜ್ಜೆಗಳನ್ನು ನೋಡಿದ. ಕೂಡಿಸಲು ಏನೂ ಹೊಳೆಯಲಿಲ್ಲ. ಮೊದಲ ಬಾರಿಗೆ ಇದ್ದದ್ದನ್ನು ಇದ್ದ ಅಳತೆಯಲ್ಲೇ ಹೇಳಿದ.

“ಸಂಗಮೇಶನ. ತಾನಾಗಿ ಅಂಗಡಿಗೆ ಬಂದಿದ್ದ. ‘ಹುಲ್ಲಪ್ಪ, ಆಕಿ ಕಂಪ್ಯೂಟರ್ ಮುಂದ ನಾ ಹತ್ತು ನಿಮಿಷ ಕುಂತಿದ್ದೆ. ಆ ನಕ್ಷಿ ಪತ್ರ ಹೋಗೇತಲ್ಲ, ಅದು ನನ್ನ ಮ್ಯಾಲ ಬರತೈತಿ ನೋಡು’ ಅಂದು ಚಾ ಕುಡುದು ಹೋದ. ನೀ ನನ್ನ ಕಡೆ ಬರೂಕಿಂತ ಮೂರು ದಿನಾ ಮೊದಲ, ಮಹೇಶ್ವರಿ. ಪತ್ರ ಹೋಗಿದ್ದು ಆವತ್ತ ನಿನಗ ಗೊತ್ತಿರಲಿಲ್ಲ. ಅಳಿಸಿದ ನನಗೂ ಗೊತ್ತಿರಲಿಲ್ಲ. ಅವಗ ಗೊತ್ತಿತ್ತು. ಆ ಹತ್ತು ನಿಮಿಷದಾಗ ಆ ಪತ್ರಾನ ಹುಡುಕದ ಅದು ಹೋಗೇತಂತ ಅವಗ ಹೆಂಗ ಗೊತ್ತಾಗತೈತಿ?”